ಪೆಟ್ಟಿಗೆ ಅಲುಗಾಡಿಸಿ, ಕಿವಿಗೊಟ್ಟು ಕೇಳಿ

ಪ್ರಶ್ನೆ: ನಾವು ಮಂಗಳೂರಿನಲ್ಲಿ 31 ವರ್ಷದಿಂದ ಇದ್ದೇವೆ. ಯಜಮಾನರು ನಿವೃತ್ತರಾದ ಮೇಲೆ ಮಗಳಿರುವ ಮೈಸೂರಿಗೆ ಹೋಗಿ ನೆಲೆಸುವುದೆಂದು ಆಗಿದೆ. ಶುಭಕಾರ್ಯಕ್ಕೆ ಆಗದ ತುಳು ತಿಂಗಳು ಆಟಿ ಕಳೆಯಲಿ ಎಂದು ಕಾದು ಆಗಸ್ಟ್ ಮೂರನೇ ವಾರಕ್ಕೆ ಲಾರಿ ಹೇಳಿದ್ದೇವೆ. ಹಿಂದೊಮ್ಮೆ ಇದೇ ಊರಿನೊಳಗೆ, ಬರೀ ನಾಲ್ಕು ಕಿಲೋಮೀಟರ್ ದೂರಕ್ಕೆ ಮನೆ ಬದಲಿಸಿದಾಗ ಅತ್ತೆಯವರು ಕೊಟ್ಟ 12 ಪಿಂಗಾಣಿ ಕಪ್ಪುಗಳಲ್ಲಿ ಐದು ಮಾತ್ರ ಉಳಿದವು. ಈ ಸಲ ಘಾಟಿ ಹತ್ತಿ ಹೋಗಬೇಕು. ಏನನ್ನು ನಾವೇ ಕಟ್ಟಬೇಕು, ಏನನ್ನು ಪ್ಯಾಕರ್ಸ್‌ನವರಿಗೆ ಬಿಡಬೇಕು? ಉಪ್ಪಿನಕಾಯಿ ಭರಣಿ, ಗಾಜಿನ ಫೋಟೊಗಳು, ತುಂಬಾ ಪುಸ್ತಕ, ಮಗಳ ವೀಣೆ, ಫ್ರಿಜ್, ಅಜ್ಜನ ಕಾಲದ ಹಲಸಿನ ಮರದ ಕಪಾಟು ಇವೆ. ಇನ್ಶೂರೆನ್ಸ್ ಬೇಕಾ ಎಂದು ಕೇಳುತ್ತಿದ್ದಾರೆ, ಅದೂ ತಿಳಿಯುತ್ತಿಲ್ಲ.

ಉತ್ತರ: ಅಕ್ಕಾ, ಆ ಏಳು ಕಪ್ಪು ಹೇಗೆ ಒಡೆದಿರಬಹುದು ಎಂದು ನನಗೆ ಇಲ್ಲಿ ಕೂತೇ ಅಂದಾಜಾಗುತ್ತದೆ. ಯಾರೂ ಬೀಳಿಸಿರಲಿಕ್ಕಿಲ್ಲ. ಒಂದೊಂದು ಕಪ್ಪಿಗೆ ಒಂದೊಂದು ಹಾಳೆ ಪೇಪರು ಸುತ್ತಿ, ಒಂದರೊಳಗೆ ಒಂದು ಕೂರಿಸಿ, ಮೇಲೆ ಒಂದು ಗೇಣು ಖಾಲಿ ಬಿಟ್ಟು ಪೆಟ್ಟಿಗೆ ಮುಚ್ಚಿರುತ್ತೀರಿ. ಹಂಪು ಬಂದಾಗಲೆಲ್ಲ ಅವು ಒಳಗೇ ಕುಣಿದು ಒಂದಕ್ಕೊಂದು ಬಡಿದುಕೊಂಡಿರುತ್ತವೆ. ಸಾಮಾನು ಸಾಗಿಸುವ ಕೆಲಸದಲ್ಲಿ ನಾನು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಕಂಡ ಒಡಕುಗಳಲ್ಲಿ ಹೆಚ್ಚಿನವು ಇಂಥವೇ. ಕೈಯಿಂದ ಜಾರಿ ಬಿದ್ದು ಒಡೆದದ್ದು ಅಪರೂಪ, ಪೆಟ್ಟಿಗೆಯೊಳಗಿನ ಖಾಲಿ ಜಾಗ ಒಡೆದದ್ದೇ ಜಾಸ್ತಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಲಾರಿಯ ಅಡಿಯ ಸ್ಪ್ರಿಂಗ್ ಪಟ್ಟಿಗಳು ಸಿಮೆಂಟು, ಅಕ್ಕಿಯಂಥ ಭಾರಕ್ಕೆಂದು ಮಾಡಿದವು. ಮನೆ ಸಾಮಾನು ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ಹಗುರಾದ ಲಾರಿ ಹೆಚ್ಚು ಎಗರುತ್ತದೆ, ಅದರಲ್ಲೂ ಹಿಂದಿನ ಚಕ್ರದಿಂದ ಆಚೆಗಿನ ಭಾಗ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಒಡೆಯುವ ಪೆಟ್ಟಿಗೆಗಳು ಲಾರಿಯ ಮುಂದಿನ ಅರ್ಧದಲ್ಲಿರಬೇಕು. ಹಿಂಬಾಗಿಲ ಹತ್ತಿರ ಹಾಸಿಗೆ, ಬಟ್ಟೆ ಮೂಟೆ, ಪ್ಲಾಸ್ಟಿಕ್ ಕುರ್ಚಿ ಸಾಕು. ತುಂಬುವ ಹುಡುಗರು "ಇದು ಸೂಕ್ಷ್ಮ, ಕೊನೆಗೆ ಇಡೋಣ" ಎಂದು ಪಿಂಗಾಣಿ ಪೆಟ್ಟಿಗೆಯನ್ನು ಕೊನೆಗೇ ಇಡುತ್ತಾರೆ, ಅಂದರೆ ಹಿಂಬಾಗಿಲ ಪಕ್ಕದಲ್ಲೇ. ಆ ಹೊತ್ತಿಗೆ ನೀವು ಅಲ್ಲಿ ನಿಂತಿರಬೇಕು.

ಉಳಿದ ಐದು ಕಪ್ಪುಗಳನ್ನು ಈ ಸಲ ಹೀಗೆ ಕಟ್ಟಿ. ಗಟ್ಟಿಯಾದ ಐದು ಪದರದ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಅಂಗಡಿಯವರು ಫೈವ್ ಪ್ಲೈ ಎನ್ನುತ್ತಾರೆ. ಬಿಸ್ಕತ್ತಿನ, ಚಿಪ್ಸಿನ ಮೂರು ಪದರದ ಪೆಟ್ಟಿಗೆ ನಮ್ಮ ಮಳೆಗಾಲದ ತೇವಕ್ಕೆ ಎರಡೇ ದಿನದಲ್ಲಿ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ. ತಳದ ಬಾಯಿಗೆ ಉದ್ದಕ್ಕೆ ಒಂದು ಟೇಪು, ಎರಡು ತುದಿಗೆ ಅಡ್ಡ ಟೇಪು ಹಾಕಿ. ಒಳಗೆ ತಳಕ್ಕೆ ಎರಡು ಇಂಚು ಮುದ್ದೆ ಮಾಡಿದ ಕಾಗದ ಹಾಸಿ. ಪ್ರತಿ ಕಪ್ಪಿನ ಹೊಟ್ಟೆಗೂ ಕಾಗದ ತುರುಕಿ, ಹಿಡಿಯ ಸುತ್ತ ಬೇರೆಯೇ ಒಂದು ಸುತ್ತು ಬಟ್ಟೆ ಸುತ್ತಿ, ಆಮೇಲೆ ಇಡೀ ಕಪ್ಪಿಗೆ ಹೊದಿಕೆ ಹಾಕಿ. ಬಬಲ್ ಶೀಟ್ ಬಳಸುವುದಾದರೆ ಗುಳ್ಳೆಯ ಮುಖ ವಸ್ತುವಿನ ಕಡೆಗಿರಲಿ. ಸಾಸರು, ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿದ ತಟ್ಟೆಗಳಲ್ಲಿ ಮೇಲಿನವುಗಳ ಭಾರವೆಲ್ಲ ಕೆಳಗಿನದರ ನಡುಮಧ್ಯಕ್ಕೆ ಬೀಳುತ್ತದೆ. ನಿಲ್ಲಿಸಿದರೆ ಪ್ರತಿಯೊಂದೂ ತನ್ನ ಭಾರವನ್ನಷ್ಟೇ ಹೊರುತ್ತದೆ. ಗಾಜಿನ ಲೋಟಗಳೂ ನಿಂತೇ ಹೋಗಲಿ. ಮೇಲೆ ಉಳಿದ ಜಾಗಕ್ಕೆ ಟವೆಲ್, ಹಳೆಯ ಪಂಚೆ, ತಲೆದಿಂಬಿನ ಚೀಲ, ಏನಾದರೂ ತುಂಬಿ, ಮುಚ್ಚಳ ಅಂಗೈಯಲ್ಲಿ ಒತ್ತಿದರೆ ಸ್ವಲ್ಪ ಎದುರೊತ್ತಬೇಕು, ಅಷ್ಟು.

ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಒಳಗಿನಿಂದ ಏನಾದರೂ ಸದ್ದು ಬಂತೋ, ಅದು ಕಟ್ಟಿ ಮುಗಿದಿಲ್ಲ. ಬಿಚ್ಚಿ ಇನ್ನಷ್ಟು ತುಂಬಿ. ನಮ್ಮ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ನಾನು ಕಲಿಸುವ ಮೊದಲ ಪರೀಕ್ಷೆ ಇದು. ಬಹಳ ಜನಕ್ಕೆ ಕೊನೆಯದೂ ಇದೇ ಆದರೆ ಸಾಕು.

ದಿನಪತ್ರಿಕೆಯ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಪೇಪರು ತೇವ ಎಳೆದುಕೊಳ್ಳುತ್ತದೆ, ಅದರ ಮಸಿ ಬಿಳಿ ಪಿಂಗಾಣಿಗೆ ಅಂಟುತ್ತದೆ. ಚಿನ್ನದ ಗೆರೆ ಇದ್ದರೆ ಉಜ್ಜುವಾಗ ಗೆರೆಯೂ ಹೋಗುತ್ತದೆ. ವಸ್ತುವಿಗೆ ತಾಗುವ ಮೊದಲ ಸುತ್ತು ಹಳೆಯ ಹತ್ತಿ ಸೀರೆ, ಪಂಚೆಯ ತುಂಡು ಅಥವಾ ಅಚ್ಚಾಗದ ಬಿಳಿ ಕಾಗದ ಇರಲಿ, ಹೊರಗಿನ ಮುದ್ದೆಗೆ ಪತ್ರಿಕೆ ಸಾಕು. ಊರ ಕಡೆಯವರು ಇನ್ನೂ ಬೈಹುಲ್ಲು ತುಂಬುತ್ತಾರೆ. ಬೇಸಿಗೆಯಾದರೆ ಅಡ್ಡಿಯಿಲ್ಲ, ನಾನೂ ತುಂಬಿದ್ದೇನೆ. ಆಗಸ್ಟಿನಲ್ಲಿ ಬೇಡ, ಬೂಸ್ಟು ಹಿಡಿಯುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಯಾವುದು ನಿಮಗೆ, ಯಾವುದು ಅವರಿಗೆ. ಇದಕ್ಕೆ ಇನ್ಶೂರೆನ್ಸ್ ಮೊದಲು ತಿಳಿಯಬೇಕು, ಎರಡೂ ಒಂದೇ ಗಂಟಿನವು. ದಾರಿಯಲ್ಲಿ ಆಗುವ ಹಾನಿಗೆ ವಿಮೆ ಮಾಡಿಸಿದರೂ, ಮನೆಯವರೇ ಕಟ್ಟಿದ ಪೆಟ್ಟಿಗೆಯೊಳಗೆ ಒಡೆದದ್ದಕ್ಕೆ ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ, "ಒಳಗೆ ಹೇಗೆ ಕಟ್ಟಿದ್ದರೋ ನಮಗೇನು ಗೊತ್ತು" ಎನ್ನುತ್ತಾರೆ. ಹಾಗಾಗಿ ನನ್ನ ಲೆಕ್ಕ ಹೀಗೆ: ಒಡೆದರೆ ದುಡ್ಡು ಕೊಟ್ಟು ಇನ್ನೊಂದು ತರಬಹುದಾದ ಟಿವಿ, ಡಿನ್ನರ್ ಸೆಟ್, ಡ್ರೆಸ್ಸಿಂಗ್ ಟೇಬಲ್ ಕನ್ನಡಿಯಂಥವನ್ನು ಅವರೇ ನಿಮ್ಮ ಕಣ್ಣೆದುರು ಕಟ್ಟಲಿ. ಎಷ್ಟು ದುಡ್ಡು ಕೊಟ್ಟರೂ ಸಿಗದ್ದನ್ನು ನೀವೇ ಕಟ್ಟಿ, ನಿಮ್ಮ ಕಾರಿನಲ್ಲಿ ಒಯ್ಯಿರಿ. ಅತ್ತೆಯವರ ಕಪ್ಪು, ವೀಣೆ, ಮನೆ ಪತ್ರ, ಅಂಕಪಟ್ಟಿ, ಒಡವೆ, ಔಷಧಿ ಇವು ಲಾರಿ ಹತ್ತಲೇಬಾರದು. ಬಟ್ಟೆ, ಪುಸ್ತಕ, ಸ್ಟೀಲು ಪಾತ್ರೆ ನೀವು ಕಟ್ಟಿದರೂ ಒಂದೇ, ಅವರು ಕಟ್ಟಿದರೂ ಒಂದೇ. ಕೈಯಲ್ಲಿ ಸಮಯವಿದ್ದರೆ ನೀವೇ ಕಟ್ಟಿ, ಖರ್ಚು ಉಳಿಯುತ್ತದೆ.

"ಇನ್ಶೂರೆನ್ಸ್ ಸೇರಿಸಿದ್ದೇವೆ" ಎಂದು ಬಿಲ್ಲಿನಲ್ಲಿ ಶೇಕಡಾವಾರು ಹಣ ಹಾಕಿ, ಯಾವ ವಿಮಾ ಕಂಪನಿಯ ಪಾಲಿಸಿಯನ್ನೂ ಮಾಡಿಸದವರು ಈ ದಂಧೆಯಲ್ಲಿದ್ದಾರೆ. ದಂಧೆಯವನಾಗಿ ಹೇಳುತ್ತಿದ್ದೇನೆ. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ಸಾಮಾನಿನ ಪಟ್ಟಿ, ಪ್ರತಿಯೊಂದರ ಮೌಲ್ಯ ಇರುವ ಕಾಗದ ಲಾರಿ ಹೊರಡುವ ಮೊದಲೇ ಕೈಗೆ ಬಂದರೆ ದುಡ್ಡು ಕೊಡಿ, ಇಲ್ಲವಾದರೆ ಆ ಸಾಲನ್ನು ಹೊಡೆಸಿ. ಬಿಲ್ಟಿಯ, ಅಂದರೆ ಸಾಗಣೆಯವರು ಕೊಡುವ ರಸೀದಿಯ ಮೇಲೆ "ಓನರ್ಸ್ ರಿಸ್ಕ್" (ಹಾನಿಯಾದರೆ ಹೊಣೆ ಸಾಮಾನಿನ ಮಾಲೀಕರದ್ದೇ) ಎಂದು ಮೊಹರು ಬಿದ್ದಿದೆಯೇ ನೋಡಿ. ಕಾನೂನೂ ನಿಮ್ಮ ಕಡೆ ಸ್ವಲ್ಪ ಇದೆ. 2007ರ ರಸ್ತೆ ಸಾಗಣೆ ಕಾಯಿದೆಯ ಪ್ರಕಾರ ಸಾಮಾನು ಹಾಳಾದರೆ ಸಾಗಣೆದಾರರ ಮೇಲೆ ದಾವೆ ಹೂಡುವ ಮೊದಲು ಲಿಖಿತ ನೋಟಿಸು ಕೊಡಬೇಕು, ಅದೂ ಬುಕ್ ಮಾಡಿದ ದಿನದಿಂದ 180 ದಿನದೊಳಗೆ. ಮೌಲ್ಯ ಹೆಚ್ಚಿದೆ ಎಂದು ನೀವು ಮೊದಲೇ ಬರೆಸದಿದ್ದರೆ ಅವರ ಹೊಣೆಗೆ ಮಿತಿ ಇದೆ, ಬಾಡಿಗೆಯ ಹತ್ತು ಪಟ್ಟು ಎಂದು ನಿಯಮ. ಆದ್ದರಿಂದ ಬೆಲೆ ಬರೆಸಲು ಸಂಕೋಚ ಬೇಡ. ಇಳಿಸಿಕೊಂಡ ದಿನ ಸಹಿ ಹಾಕುವಾಗ "ಪೆಟ್ಟಿಗೆ ಬಿಚ್ಚಿ ನೋಡಿಲ್ಲ" ಎಂದು ಕೈಬರಹದಲ್ಲಿ ಬರೆದು ಸಹಿ ಹಾಕಿ, ಫೋಟೊ ತೆಗೆದುಕೊಳ್ಳಿ.

ವೀಣೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಮುಚ್ಚಿದ ಲಾರಿಯೊಳಗೆ ಬಿಸಿಲಿನ ಝಳಕ್ಕೆ ಆ ಮೇಣ ಮೆತ್ತಗಾಗುತ್ತದೆ. ಕೆಲಸಕ್ಕೆ ಸೇರಿದ ಮೊದಮೊದಲಲ್ಲಿ ಏಪ್ರಿಲ್ ತಿಂಗಳಲ್ಲಿ ಒಂದು ವೀಣೆಯನ್ನು ಚಂದಕ್ಕೆ ಕಂಬಳಿ ಸುತ್ತಿ ಲಾರಿಯ ಮೇಲ್ಭಾಗದಲ್ಲಿ, ತಗಡಿಗೆ ತಾಗುವಂತೆ ಇಟ್ಟಿದ್ದೆ. ಬಿಚ್ಚುವಾಗ ಒಂದು ಗೀರೂ ಇರಲಿಲ್ಲ, ಮೆಟ್ಟಿಲುಗಳು ಮಾತ್ರ ಜರುಗಿ ಶ್ರುತಿಯೇ ಹೋಗಿತ್ತು. ಮತ್ತೆ ಮೇಣ ಕಟ್ಟಿಸಬೇಕಾಯಿತು. ಆ ಮನೆಯ ಅಮ್ಮ ಬೈಯಲಿಲ್ಲ, ಸುಮ್ಮನೆ ಕೂತರು. ಬೈದಿದ್ದರೆ ವಾಸಿಯಿತ್ತು. ನೀವು ತಂತಿಗಳನ್ನು ಪೂರ್ತಿ ಬಿಚ್ಚದೆ ಸ್ವಲ್ಪ ಸಡಿಲ ಮಾಡಿ, ಕಳಚಲು ಬರುವ ಸೋರೆಬುರುಡೆಯನ್ನು ಕಳಚಿ ಬೇರೆ ಪೆಟ್ಟಿಗೆಗೆ ಹಾಕಿ, ವೀಣೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ಕಾರು ನೆರಳಲ್ಲಿರಲಿ.

ಭರಣಿಗಳು. ಉಪ್ಪಿನಕಾಯಿ ತುಂಬಿದ ಭರಣಿಯನ್ನು ಹಾಗೆಯೇ ಒಯ್ಯುತ್ತೇನೆ ಎಂದು ಹಟ ಮಾಡುವವರು ಪ್ರತಿ ವರ್ಷ ಸಿಗುತ್ತಾರೆ. ಮಿಡಿ ಉಪ್ಪಿನಕಾಯಿಯ ರಸ ಘಾಟಿಯ ತಿರುವಿನಲ್ಲಿ ಬಾಯಿಗೆ ಕಟ್ಟಿದ ಬಟ್ಟೆ ದಾಟಿ ಹೊರಬರುತ್ತದೆ, ಆ ಕಲೆ ಯಾವ ಸೋಪಿಗೂ ಜಗ್ಗುವುದಿಲ್ಲ. ಉಪ್ಪಿನಕಾಯಿಯನ್ನು ಬಿಗಿ ತಿರುಪು ಮುಚ್ಚಳದ ಡಬ್ಬಿಗಳಿಗೆ ವರ್ಗ ಮಾಡಿ. ಮುಚ್ಚಳದ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿ, ಡಬ್ಬಿಯನ್ನು ಚೀಲದೊಳಗೆ, ಚೀಲವನ್ನು ಬಕೆಟ್ಟಿನೊಳಗೆ ಇಡಿ. ತೆಂಗಿನೆಣ್ಣೆಗೂ ಹೀಗೆಯೇ. ಖಾಲಿ ಭರಣಿಯನ್ನು ತೊಳೆದು ಎರಡು ದಿನ ಒಣಗಿಸಿ, ಹೊಟ್ಟೆಗೆ ಬಟ್ಟೆ ತುರುಕಿ, ಮುಚ್ಚಳ ಬೇರೆ ಸುತ್ತಿ ಕಟ್ಟಿ. ಕುಚ್ಚಲಕ್ಕಿ, ಬೇಳೆ ಮನೆಯಲ್ಲಿ ಇದ್ದಷ್ಟು ಈಗಿನಿಂದಲೇ ಖರ್ಚು ಮಾಡುತ್ತಾ ಬನ್ನಿ.

ಕಡೆಯುವ ಕಲ್ಲು ಇದ್ದರೆ ಗುಂಡು ಒಂದು ಕಡೆ, ಕಲ್ಲು ಒಂದು ಕಡೆ. ಎರಡೂ ಲಾರಿಯ ನೆಲದ ಮೇಲೆ, ಗೋಣಿಚೀಲ ಸುತ್ತಿ, ಚಲಿಸದ ಹಾಗೆ ಮೂಲೆಯಲ್ಲಿ. ಗುಂಡು ಉರುಳಿಕೊಂಡು ಫ್ರಿಜ್ಜಿನ ಬಾಗಿಲಿಗೆ ಗುದ್ದಿದ್ದನ್ನು ನೋಡಿದ್ದೇನೆ. ಮೆಟ್ಟುಕತ್ತಿಯ (ಈಳಿಗೆಮಣೆಯ) ಅಲಗಿಗೂ ಮಿಕ್ಸಿ ಬ್ಲೇಡಿಗೂ ದಪ್ಪ ರಟ್ಟು ಮಡಚಿ ಟೇಪು ಸುತ್ತಿ, ಮೇಲೆ "ಅಲಗು" ಎಂದು ಬರೆಯಿರಿ. ಬಿಚ್ಚುವವರಿಗೆ ಕೈ ಇದೆ. ಹಿತ್ತಾಳೆ ಕಾಲುದೀಪಗಳನ್ನು ಬಿಡಿಬಿಡಿಯಾಗಿ ತಿರುಪಿ ಬಿಚ್ಚಿ, ಎಣ್ಣೆ ಒರೆಸಿ, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ. ಕುಕ್ಕರಿನ ವೆಯಿಟ್, ಗ್ಯಾಸ್ಕೆಟ್, ಮಿಕ್ಸಿಯ ಸಣ್ಣ ಭಾಗಗಳು ಆಯಾ ಪಾತ್ರೆಯ ಹೊಟ್ಟೆಯಲ್ಲೇ ಕೂರಲಿ.

ಪುಸ್ತಕಕ್ಕೆ ಸಣ್ಣ ಪೆಟ್ಟಿಗೆ, ಬಟ್ಟೆಗೆ ದೊಡ್ಡದು. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಪುಸ್ತಕದ ಪೆಟ್ಟಿಗೆ 15 ಕಿಲೋ ದಾಟಿದರೆ ಎತ್ತುವವನ ಬೆನ್ನೂ ಪೆಟ್ಟಿಗೆಯ ತಳವೂ ಸೋಲುತ್ತವೆ. ಕಟ್ಟುವ ಮೊದಲು ಬಿಸಿಲು ಬಿದ್ದ ದಿನ ಪುಸ್ತಕಗಳನ್ನು ಒಮ್ಮೆ ಗಾಳಿಗೆ ಹರಡಿ. ಬಿಸಿಲೇ ಇಲ್ಲದಿದ್ದರೆ ಫ್ಯಾನಿನ ಅಡಿಯಲ್ಲಾದರೂ ಸರಿ. ತೇವ ಕೂತ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಮೈಸೂರಿನಲ್ಲಿ ಬಿಚ್ಚುವಾಗ ಬೂಸ್ಟಿನ ವಾಸನೆ ಎದುರುಗೊಳ್ಳುತ್ತದೆ. ಇದು ಮರಕ್ಕೂ ಚರ್ಮದ ಚಪ್ಪಲಿಗೂ ರೇಷ್ಮೆ ಸೀರೆಗೂ ಹೌದು. ಮೈಗೆ ಅಂಟುವ ತೆಳು ಪ್ಲಾಸ್ಟಿಕ್ ಹಾಳೆ ಹೊರಗಿನ ನೀರು ತಡೆಯುವಷ್ಟೇ ಒಳಗಿನ ತೇವವನ್ನೂ ಹಿಡಿದಿಡುತ್ತದೆ. ಆದ್ದರಿಂದ ಮೊದಲು ಬಟ್ಟೆ ಅಥವಾ ರಟ್ಟು, ಅದರ ಮೇಲೆ ಪ್ಲಾಸ್ಟಿಕ್.

ಗಾಜಿನ ಫೋಟೊಗಳಿಗೆ ಗಾಜಿನ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಟೇಪು ಹಚ್ಚಿ. ಗಾಜು ಬಿರುಕು ಬಿಟ್ಟರೂ ಚೂರುಗಳು ಜಾಗ ಬಿಡುವುದಿಲ್ಲ, ಚಿತ್ರ ಹರಿಯುವುದಿಲ್ಲ. ಎರಡು ಫೋಟೊಗಳನ್ನು ಮುಖಕ್ಕೆ ಮುಖ ಮಾಡಿ, ನಡುವೆ ರಟ್ಟು ಕೊಟ್ಟು ಕಟ್ಟಿ, ನಿಲ್ಲಿಸಿಯೇ ಒಯ್ಯಬೇಕು. ಚಿನ್ನದ ರೇಕಿನ ತಂಜಾವೂರು ಚಿತ್ರಕ್ಕೆ ಗಾಜಿಲ್ಲದಿದ್ದರೆ ಬಬಲ್ ಶೀಟ್ ನೇರ ತಾಗಿಸಬೇಡಿ, ಗುಳ್ಳೆಯ ಗುರುತು ಬೀಳುತ್ತದೆ. ಟಿವಿಯೂ ನಿಂತೇ ಹೋಗಬೇಕು. ಮಲಗಿಸಿದ ಟಿವಿಯ ಮೇಲೆ ಯಾರಾದರೂ ಖಂಡಿತ ಏನಾದರೂ ಇಡುತ್ತಾರೆ.

ಫ್ರಿಜ್ಜನ್ನು ಒಂದು ದಿನ ಮೊದಲೇ ಆರಿಸಿ, ಮಂಜು ಕರಗಿಸಿ, ಒಳಗೆಲ್ಲ ಒಣಬಟ್ಟೆಯಲ್ಲಿ ಒರೆಸಿ. ಗಾಜಿನ ತಟ್ಟೆಗಳನ್ನು ತೆಗೆದು ಬೇರೆ ಕಟ್ಟಿ, ಒಳಗೊಂದಿಷ್ಟು ಇದ್ದಿಲು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ವಾಸನೆ ಬರುವುದಿಲ್ಲ. ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಗ್ಯಾಸಿನ ಪೈಪಿಗೆ ಇಳಿಯುತ್ತದೆ. ಮೈಸೂರಿನಲ್ಲಿ ಇಳಿಸಿದ ತಕ್ಷಣ ಸ್ವಿಚ್ ಹಾಕಬೇಡಿ, ನಾಲ್ಕೈದು ಗಂಟೆ ಬಿಡಿ. ಯಾರಾದರೂ ಮಲಗಿಸಿದ್ದರೆಂದು ಗೊತ್ತಾದರೆ ಒಂದು ದಿನವೇ ಬಿಡಿ. ವಾಷಿಂಗ್ ಮಷೀನು ಮುಂದೆ ಬಾಗಿಲಿನದ್ದಾದರೆ ಅದರ ಡ್ರಮ್ಮು ಸ್ಪ್ರಿಂಗಿನಲ್ಲಿ ತೂಗುತ್ತಿರುತ್ತದೆ. ಕೊಂಡ ದಿನ ಹಿಂದುಗಡೆಯಿಂದ ಬಿಚ್ಚಿದ ಉದ್ದ ಬೋಲ್ಟುಗಳು ಯಾವ ಡಬ್ಬಿಯಲ್ಲಿವೆ ಹುಡುಕಿ, ಅವನ್ನು ಮತ್ತೆ ಹಾಕಿಸದೆ ಘಾಟಿ ಹತ್ತಿಸಬೇಡಿ. ಸಿಗದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಇನ್ವರ್ಟರ್ ಬ್ಯಾಟರಿಯಲ್ಲಿ ಆಸಿಡ್ ಇರುತ್ತದೆ, ವಾಲಿಸಬಾರದು. ತುದಿಗಳಿಗೆ ಟೇಪು ಸುತ್ತಿ, ಪ್ಲಾಸ್ಟಿಕ್ ಟಬ್ಬಿನಲ್ಲಿ ನೆಟ್ಟಗೆ ಕೂರಿಸಿ, ಬಟ್ಟೆ ಹಾಸಿಗೆಗಳಿಂದ ದೂರವಿಡಿ. ಎಸಿ ಇದ್ದರೆ ಮೆಕ್ಯಾನಿಕ್ಕಿಗೆ ಬಿಡಿ.

ಗ್ಯಾಸ್ ಸಿಲಿಂಡರನ್ನು ಲಾರಿಗೆ ಹಾಕಬೇಡಿ, ಖಾಲಿಯೂ ಬೇಡ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಇಲ್ಲಿನ ಏಜೆನ್ಸಿಗೆ ಒಪ್ಪಿಸಿ ವೋಚರು ತೆಗೆದುಕೊಂಡು ಮೈಸೂರಿನ ಏಜೆನ್ಸಿಯಲ್ಲಿ ತೋರಿಸಿದರೆ ಅಲ್ಲಿ ಸಂಪರ್ಕ ಸಿಗುತ್ತದೆ. ಒಲೆ ನಿಮ್ಮದೇ, ಒಯ್ಯಿರಿ. ಇದಕ್ಕೆ ಒಂದು ವಾರ ಮೊದಲೇ ಓಡಾಡಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಒಲೆ ಇದ್ದು ಗ್ಯಾಸಿಲ್ಲದೆ ಪಕ್ಕದ ಮನೆಗೆ ಓಡಿದವರನ್ನು ಕಂಡಿದ್ದೇನೆ.

ದಾರಿಯ ಮಾತು. ಮಂಗಳೂರಿನಿಂದ ಮಾಣಿ, ಸುಳ್ಯ, ಸಂಪಾಜೆ, ಮಡಿಕೇರಿ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ನಿಮಗೆ ಹತ್ತಿರ, ಸುಮಾರು 250 ಕಿಲೋಮೀಟರ್. ಆದರೆ 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಆ ರಸ್ತೆಯೇ ಮುಚ್ಚಿಹೋದದ್ದು ನಿಮಗೂ ನೆನಪಿರಬಹುದು. ಜೋರು ಮಳೆ ಹಿಡಿದರೆ ಜಿಲ್ಲಾಡಳಿತ ಭಾರಿ ವಾಹನಗಳನ್ನು ತಡೆಯುವುದುಂಟು. ಆಗ ಶಿರಾಡಿ ಹತ್ತಿ ಹಾಸನದ ಮೇಲೆ ಸುತ್ತಬೇಕು, ಅದೂ ತೆರೆದಿದ್ದರೆ. ಬಾಡಿಗೆ ಮಾತಾಡುವಾಗಲೇ "ದಾರಿ ಬದಲಾದರೆ ಎಷ್ಟು, ಒಂದು ರಾತ್ರಿ ನಿಲ್ಲಬೇಕಾದರೆ ಎಷ್ಟು" ಎಂದು ಬರೆಸಿಕೊಳ್ಳಿ. ಟಾರ್ಪಾಲು ಹೊದಿಸಿದ ತೆರೆದ ಲಾರಿ ಅಗ್ಗ, ಆದರೆ ಆಗಸ್ಟಿಗೆ ಬೇಡವೇ ಬೇಡ. ಮುಚ್ಚಿದ ಕಂಟೇನರ್ ಬಾಡಿಯದೇ ಹೇಳಿ, ಬಂದ ಕೂಡಲೇ ಒಳಗೆ ಹೊಕ್ಕು ಬಾಗಿಲು ಹಾಕಿಸಿ ನೋಡಿ. ಎಲ್ಲಿಂದಾದರೂ ಬೆಳಕು ಕಂಡರೆ ಅಲ್ಲಿಂದಲೇ ನೀರು ಬರುತ್ತದೆ. ನೆಲಕ್ಕೆ ಮೊದಲು ಪ್ಲಾಸ್ಟಿಕ್ ಹಾಳೆ ಹಾಸಿಸಿ. ಘಾಟಿ ಏರುವಾಗ ಸಾಮಾನೆಲ್ಲ ಹಿಂದಕ್ಕೆ ಜಗ್ಗುತ್ತದೆ, ಹಾಗಾಗಿ ಬೀರು, ಫ್ರಿಜ್ಜು, ಕಪಾಟು ಕ್ಯಾಬಿನ್ನಿನ ಗೋಡೆಗೆ ಒರಗಿ ಹಗ್ಗದಲ್ಲಿ ಬಿಗಿದಿರಬೇಕು. ಒಂದೊಂದು ಅಟ್ಟೆ ಮುಗಿದ ಹಾಗೆ ಹಗ್ಗ ಹಾಕಿಸಿ. ಕೊನೆಗೆ ಒಂದೇ ಹಗ್ಗ ಸುತ್ತುವುದು ಕಣ್ಣಿಗೆ ಮಣ್ಣೆರಚುವ ಕೆಲಸ.

ಪೆಟ್ಟಿಗೆಗಳಿಗೆ ಸಂಖ್ಯೆ ಹಾಕಿ. ಮೇಲ್ಮುಖಕ್ಕೆ ಬರೆಯಬೇಡಿ, ಮೇಲೆ ಇನ್ನೊಂದು ಕೂತರೆ ಕಾಣುವುದಿಲ್ಲ. ಎರಡು ಪಕ್ಕಕ್ಕೆ ಬರೆಯಿರಿ: "17, ಅಡುಗೆಮನೆ, ಗಾಜು". ಕನ್ನಡದಲ್ಲೇ ದೊಡ್ಡಕ್ಷರದಲ್ಲಿ, ಹಿಂದಿ ಬರುವ ಹುಡುಗರಿದ್ದರೆ ಪಕ್ಕದಲ್ಲೊಂದು ಲೋಟದ ಚಿತ್ರ ಬಿಡಿಸಿ, ಅದು ಎಲ್ಲರಿಗೂ ಅರ್ಥವಾಗುತ್ತದೆ. ಯಾವ ಸಂಖ್ಯೆಯಲ್ಲಿ ಏನಿದೆ ಎಂಬುದು ಮಾತ್ರ ನಿಮ್ಮ ಪುಸ್ತಕದಲ್ಲಿರಲಿ. "ಬೆಳ್ಳಿ ಸಾಮಾನು" ಎಂದು ಪೆಟ್ಟಿಗೆಯ ಮೇಲೆ ಬರೆದವರನ್ನೂ ನೋಡಿದ್ದೇನೆ ಮಹಾರಾಯರೇ. ಮಂಚದ ಬೋಲ್ಟುಗಳನ್ನು ಬಟ್ಟೆಯ ಗಂಟಿನಲ್ಲಿ ಹಾಕಿ ಮಂಚದ ತಲೆಹಲಗೆಗೇ ಕಟ್ಟಿ. ಮೊದಲ ರಾತ್ರಿಗೆ ಬೇಕಾದ್ದು ಒಂದೇ ಚೀಲದಲ್ಲಿ ಕಾರಿನಲ್ಲಿರಲಿ: ದೇವರ ದೀಪ, ಹಾಲಿನ ಪಾತ್ರೆ, ಕಾಫಿ ಪುಡಿ, ಬಲ್ಬು, ಸ್ಕ್ರೂಡ್ರೈವರ್, ಕತ್ತರಿ, ಎರಡು ಹೊದಿಕೆ. ಕತ್ತರಿ ಮರೆತರೆ ಐದಾರು ಡಜನ್ ಪೆಟ್ಟಿಗೆಯ ಟೇಪನ್ನು ಹಲ್ಲಲ್ಲಿ ಕಚ್ಚಬೇಕಾಗುತ್ತದೆ.

ಕೊನೆಗೆ ಅಜ್ಜನ ಕಪಾಟು. ಕಪಾಟಿನ ಬಾಗಿಲು ಕಳಚಲು ಬಂದರೆ ಕಳಚಿ, ಬಾರದಿದ್ದರೆ ಕೀಲಿ ಹಾಕಿ ಬೀಗದ ಕೈ ನಿಮ್ಮ ಬಳಿ ಇಟ್ಟುಕೊಳ್ಳಿ. ಟೇಪನ್ನು ಪಾಲಿಶ್ ಮೇಲೆ ನೇರ ಹಚ್ಚಲು ಬಿಡಬೇಡಿ, ಕೀಳುವಾಗ ಪಾಲಿಶ್ ಸಮೇತ ಬರುತ್ತದೆ. ಮೊದಲು ಕಂಬಳಿ, ಮೂಲೆಗಳಿಗೆ ರಟ್ಟು, ಆಮೇಲೆ ಹಗ್ಗ. ಮಳೆಗಾಲದಲ್ಲಿ ಕರಾವಳಿಯ ಮರ ತೇವ ಕುಡಿದು ಉಬ್ಬಿರುತ್ತದೆ. ಮೈಸೂರಿಗೆ ಹೋದ ಮೇಲೆ ಬಾಗಿಲು ಬಿಗಿಯಾಗಿ ಸಿಕ್ಕಿಕೊಂಡರೆ ಬಡಗಿಯನ್ನು ಕರೆಸಿ ಕೀಸಿಸಬೇಡಿ. ಒಣಹವೆಗೆ ಅದು ನಿಧಾನಕ್ಕೆ ಕುಗ್ಗುತ್ತದೆ. ಈಗ ಕೀಸಿದರೆ ಫೆಬ್ರುವರಿಯಲ್ಲಿ ಬಾಗಿಲಿನ ಸಂದಿಗೆ ಬೆರಳೇ ಹೋಗುತ್ತದೆ. ಒಂದು ಬೇಸಿಗೆ ಕಳೆಯಲಿ, ಆಮೇಲೂ ಬಿಗಿಯೆನಿಸಿದರೆ ಆಗ ಬಡಗಿಗೆ ಹೇಳಿ.